ಐದು ವೈರಾಣು, ಎರಡು ಖಾತೆ

ಮಕ್ಕಳೇ, ಕಣ್ಣು ಹಳದಿಯಾದರೆ ನಮ್ಮ ಕಾಲದಲ್ಲಿ ಹೆಸರು ಒಂದೇ, ಕಾಮಾಲೆ. ಸೊಪ್ಪಿನ ರಸ ಕುಡಿಸುತ್ತಿದ್ದರು. ಕೆಲವೆಡೆ ಕೈಗೆ ಬರೆಯನ್ನೂ ಹಾಕುತ್ತಿದ್ದರು. ಆದರೆ ಕಾಮಾಲೆ ಬರಿಯ ಲಕ್ಷಣ. ಅದಕ್ಕೊಂದು ದೊಡ್ಡ ಕಾರಣ ಹೆಪಟೈಟಿಸ್, ಅಂದರೆ ಲಿವರಿನ ಉರಿಯೂತ. ಅದನ್ನು ತರುವ ಮುಖ್ಯ ವೈರಾಣುಗಳು ಐದು: ಎ, ಬಿ, ಸಿ, ಡಿ, ಇ. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಇವನ್ನು ಎರಡು ಖಾತೆಗೆ ಹಾಕಿಕೊಂಡಿದ್ದೇನೆ.

ಬಾಯಿಯ ಖಾತೆ: ಎ ಮತ್ತು ಇ. ಕೊಳಚೆ ಸೇರಿದ ನೀರು, ಆಹಾರದಿಂದ ಬರುತ್ತವೆ. ಕುದಿಸಿ ಆರಿಸಿದ ನೀರು ಕುಡಿಯಿರಿ. ಶೌಚದ ನಂತರ, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಿರಿ. ತೆರೆದಿಟ್ಟ ಹಣ್ಣಿನ ಹೋಳು ಬೇಡ. ಹೆಚ್ಚಿನವರು ವಿಶ್ರಾಂತಿಯಿಂದ ಗುಣವಾಗುತ್ತಾರೆ. ಗರ್ಭಿಣಿಯರಿಗೆ ಮಾತ್ರ ‘ಇ’ ಪ್ರಾಣಕ್ಕೇ ಕುತ್ತಾಗಬಹುದು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ರಕ್ತದ ಖಾತೆ: ಬಿ, ಸಿ, ಡಿ. ಬಳಸಿದ ಸೂಜಿ, ಬ್ಲೇಡು, ಪರೀಕ್ಷಿಸದ ರಕ್ತದಿಂದ ಹರಡುತ್ತವೆ. ‘ಬಿ’ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಬರಬಹುದು. ಕೈ ಕುಲುಕಿದರೆ, ಜೊತೆಗೆ ಉಂಡರೆ ಬರುವುದಿಲ್ಲ. ಬಿ, ಸಿ ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಅಡಗಿದ್ದು, ಕೊನೆಗೆ ಲಿವರ್ ಕ್ಯಾನ್ಸರ್‌ವರೆಗೂ ಒಯ್ಯಬಲ್ಲವು.

‘ಬಿ’ಯನ್ನು ಕಂಡುಹಿಡಿದ ಬರೂಕ್ ಬ್ಲೂಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರ ಜನ್ಮದಿನ, ಜುಲೈ 28, ಇಂದು ವಿಶ್ವ ಹೆಪಟೈಟಿಸ್ ದಿನ. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಬಿ ಲಸಿಕೆಯ ಮೊದಲ ಡೋಸು ಹಾಕಿಸಬೇಕು. ‘ಬಿ’ ಇಲ್ಲದೆ ‘ಡಿ’ ಬದುಕದು. ಹಾಗಾಗಿ ಒಂದೇ ಲಸಿಕೆ ಎರಡನ್ನೂ ತಡೆಯುತ್ತದೆ. ‘ಸಿ’ಗೆ ಲಸಿಕೆಯಿಲ್ಲ, ಗುಣಪಡಿಸುವ ಮಾತ್ರೆಗಳಿವೆ.

ನನ್ನ ಓರಗೆಯ ಅಜ್ಜ ಅಜ್ಜಿಯರೇ, ನಮಗೆ ಚಿಕ್ಕಂದಿನಲ್ಲಿ ಈ ಲಸಿಕೆ ಇರಲಿಲ್ಲ. ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುತ್ತಿದ್ದ ಕಾಲ ಅದು. ಮೊಮ್ಮಕ್ಕಳ ಲಸಿಕೆ ಚೀಟಿ ನೋಡುವಾಗ, ನಾವೂ ಒಮ್ಮೆ ಬಿ, ಸಿ ರಕ್ತಪರೀಕ್ಷೆ ಮಾಡಿಸಿಕೊಳ್ಳೋಣ.