ಮೂಲವನ್ನು ಮೀರಿದ ಟಿಪ್ಪಣಿ

ಟೀಕೆ, ಟಿಪ್ಪಣಿ, ವ್ಯಾಖ್ಯಾನಗಳ ನಡುವೆಯೇ ಆಯುಷ್ಯ ಕಳೆದ ನನ್ನಂಥ ಕನ್ನಡ ಅಧ್ಯಾಪಕನಿಗೆ ಗಣಕಯಂತ್ರದ ಚರಿತ್ರೆಯಲ್ಲಿ ಏನು ಕೆಲಸವೆಂದು ಕೇಳುಗರು ಶಂಕಿಸಬಹುದು. ಕೆಲಸವಿದೆ. ಆ ಚರಿತ್ರೆಯ ಆರಂಭದಲ್ಲಿಯೇ ಒಂದು ಅನುವಾದವಿದೆ. ಅದರ ಬೆನ್ನಿಗೆ ಮೂಲಕ್ಕಿಂತ ಸುಮಾರು ಮೂರು ಪಟ್ಟು ದೀರ್ಘವಾದ ಟಿಪ್ಪಣಿಗಳಿವೆ. 1843ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಈ ಟಿಪ್ಪಣಿಗಳ ಕೆಳಗೆ ಎ. ಎ. ಎಲ್. ಎಂಬ ಮೂರು ಅಕ್ಷರಗಳಷ್ಟೇ ಇದ್ದುವು. ಆಗಸ್ಟಾ ಅಡಾ ಲವ್‌ಲೇಸ್ ಎಂದು ಅವನ್ನು ಬಿಡಿಸಿ ಓದಬೇಕು.

ಅಡಾ ಆಂಗ್ಲ ಕವಿ ಬೈರನ್ನನ ಮಗಳು. ಹುಟ್ಟಿದ್ದು 1815ರ ಡಿಸೆಂಬರ್ 10ರಂದು. ಮಗುವಿಗೆ ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ ತಾಯಿ ಗಂಡನ ಮನೆಯನ್ನು ಬಿಟ್ಟಳು. ಮರುವಸಂತದಲ್ಲಿ ಗಂಡ ದೇಶವನ್ನೇ ಬಿಟ್ಟ. 1824ರಲ್ಲಿ ಆತ ಗ್ರೀಸಿನಲ್ಲಿ ತೀರಿಕೊಳ್ಳುವವರೆಗೂ ಮಗಳು ಅವನ ಮುಖವನ್ನು ಮತ್ತೆ ಕಾಣಲಿಲ್ಲ. ತಂದೆಯ ಉದ್ವೇಗ ಮಗಳಿಗೆ ಅಂಟಬಾರದೆಂದು ತಾಯಿ ಗಣಿತವನ್ನು ಕಷಾಯದಂತೆ ಕುಡಿಸಿದಳು. ಕಷಾಯ ಮೈಗೆ ಹಿಡಿಯಿತು. ಆದರೆ ತಾಯಿ ರೋಗವೆಂದು ಬಗೆದಿದ್ದ ಕಲ್ಪನಾಶಕ್ತಿ ಮಾತ್ರ ಪುಣ್ಯಕ್ಕೆ ವಾಸಿಯಾಗಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ, 1833ರಲ್ಲಿ, ಆಕೆಗೆ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ನಾವಿಕರೂ ಖಗೋಳಜ್ಞರೂ ನೆಚ್ಚಿದ್ದ ಗಣಿತಕೋಷ್ಟಕಗಳಲ್ಲಿ ತಪ್ಪುಗಳು ತುಂಬಿದ್ದುವಾಗಿ, ಅವನ್ನು ಯಂತ್ರದಿಂದಲೇ ಗುಣಿಸಿ ಅಚ್ಚುಹಾಕಿಸಬೇಕೆಂಬುದು ಬ್ಯಾಬೇಜನ ಹಟ. ಆ ಡಿಫರೆನ್ಸ್ ಎಂಜಿನ್ನಿಗಾಗಿ ಆಂಗ್ಲ ಸರಕಾರ ಸುಮಾರು 17,000 ಪೌಂಡು ಸುರಿದು, 1842ರಲ್ಲಿ ಕೈತೊಳೆದುಕೊಂಡಿತು. ಅಷ್ಟರಲ್ಲಾಗಲೇ ಆತನ ಮನಸ್ಸು ಇನ್ನೊಂದು ಯಂತ್ರದ ಮೇಲಿತ್ತು. ಅದೇ ಅನಲಿಟಿಕಲ್ ಎಂಜಿನ್. ಅದರಲ್ಲಿ ಎರಡು ಭಾಗ: ಸಂಖ್ಯೆಗಳನ್ನು ಕಾಪಿಡುವುದು ಉಗ್ರಾಣ, ಅವನ್ನು ಕೂಡಿ ಕಳೆದು ಅರೆಯುವುದು ಗಿರಣಿ. ಈ ಹೆಸರುಗಳು ಬ್ಯಾಬೇಜನವೇ. ಯಾವ ಕ್ರಿಯೆ ಯಾವಾಗ ನಡೆಯಬೇಕೆಂಬ ಅಪ್ಪಣೆಯನ್ನು ತೂತುಗಳುಳ್ಳ ರಟ್ಟಿನ ಕಾರ್ಡುಗಳು ಕೊಡುತ್ತವೆ. ಈ ಉಪಾಯ ಬಂದದ್ದು ಫ್ರಾನ್ಸಿನ ಜಕಾರ್ಡ್ ಮಗ್ಗದಿಂದ; ಆ ಮಗ್ಗ ನಮ್ಮ ನೇಕಾರರಿಗೂ ಅಪರಿಚಿತವಲ್ಲ. ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಅಲ್ಲಿ ಕಾರ್ಡೇ ನಿರ್ಧರಿಸುತ್ತದೆ. ಹಾಗೆ ಸುಮಾರು 24,000 ಕಾರ್ಡುಗಳಿಂದ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದು ಬ್ಯಾಬೇಜನ ಮನೆಯಲ್ಲಿತ್ತು.

1840ರಲ್ಲಿ ಬ್ಯಾಬೇಜ್ ಇಟಲಿಯ ಟ್ಯೂರಿನ್ನಿನಲ್ಲಿ ಈ ಯಂತ್ರವನ್ನು ಕುರಿತು ಮಾತನಾಡಿದ. ಅದನ್ನಾಧರಿಸಿ ಮೆನಬ್ರೆಯಾ ಎಂಬ ತರುಣ ಎಂಜಿನಿಯರು (ಮುಂದೆ ಇಟಲಿಯ ಪ್ರಧಾನಿಯಾದವನು) 1842ರಲ್ಲಿ ಫ್ರೆಂಚಿನಲ್ಲಿ ಲೇಖನ ಬರೆದ. ಅಡಾ ಅದನ್ನು ಇಂಗ್ಲಿಷಿಗೆ ತಂದಳು. ಇಷ್ಟು ಬಲ್ಲವಳು ಸ್ವತಂತ್ರ ಲೇಖನವನ್ನೇ ಏಕೆ ಬರೆಯಲಿಲ್ಲವೆಂದು ಬ್ಯಾಬೇಜ್ ಕೇಳಿದಾಗ, ಅದು ತನಗೆ ತೋಚಲೇ ಇಲ್ಲವೆಂದಳಂತೆ. ಈ ಉತ್ತರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಲಂಡನ್ನಿನ ರಾಯಲ್ ಸೊಸೈಟಿ ಸ್ತ್ರೀಯರನ್ನು ಸದಸ್ಯರನ್ನಾಗಿ ಆರಿಸಿದ್ದು 1945ರಲ್ಲಿ. ಅಂಥ ಕಾಲದಲ್ಲಿ ಹೆಣ್ಣಿಗೆ ತೋಚದಿದ್ದುದು ಅವಳೊಬ್ಬಳ ದೋಷವಲ್ಲ. ಟಿಪ್ಪಣಿಯನ್ನಾದರೂ ಸೇರಿಸೆಂದ ಬ್ಯಾಬೇಜ್, ಸೇರಿಸಿದಳು.

ಮೂಲದಲ್ಲಿಲ್ಲದುದನ್ನು ಬರೆಯುವುದಿಲ್ಲವೆಂಬುದು ನಮ್ಮ ಮಲ್ಲಿನಾಥನ ವ್ರತವಾಗಿತ್ತು. ಅಡಾ ಆ ವ್ರತವನ್ನು ಧಾರಾಳವಾಗಿ ಮುರಿದಳು. ಟಿಪ್ಪಣಿಗಳು ಏಳು. ಕೊನೆಯದರಲ್ಲಿ ಬರ್ನೂಲಿ ಸಂಖ್ಯೆಗಳನ್ನು ಯಂತ್ರದಿಂದ ಪಡೆಯುವ ಕ್ರಮವನ್ನು 25 ಸಾಲುಗಳ ಕೋಷ್ಟಕವಾಗಿ ಕೊಟ್ಟಿದ್ದಾಳೆ. 13ರಿಂದ 23ರವರೆಗಿನ ಸಾಲುಗಳನ್ನು ಬೇಕಾದಷ್ಟು ಸಲ ಮರಳಿ ನಡೆಸಬೇಕು. 4ನೆಯ ಸಾಲಿನಲ್ಲಿ ಭಾಜ್ಯ ಭಾಜಕಗಳು ಅದಲುಬದಲಾಗಿವೆ. ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೆಣಗಿದವರಿಗೆ ಇಂಥ ಸ್ಖಾಲಿತ್ಯವೂ ಒಂದು ಆಪ್ತತೆಯನ್ನು ತರುತ್ತದೆ.

ಈ ಕೋಷ್ಟಕದ ಬಲದಿಂದ ಅವಳನ್ನು ಜಗತ್ತಿನ ಮೊದಲ ಪ್ರೋಗ್ರಾಮರ್ ಎನ್ನುವುದು ವಾಡಿಕೆ. ನನಗೆ ಆ ಬಿರುದು ಅಷ್ಟು ಒಪ್ಪುವುದಿಲ್ಲ. ಇಂಥ ಕ್ರಮಗಳನ್ನು ಬ್ಯಾಬೇಜ್ ಅದಕ್ಕೂ ಹಲವು ವರ್ಷ ಮೊದಲೇ ಬರೆದಿಟ್ಟಿದ್ದ, ಅಚ್ಚುಮಾಡಿಸಿರಲಿಲ್ಲ. ಬರ್ನೂಲಿ ಲೆಕ್ಕದ ಬೀಜಗಣಿತಕ್ಕೆ ಆತನ ನೆರವಿತ್ತು; ಅದರಲ್ಲಿ ಆತ ಮಾಡಿದ್ದ ದೊಡ್ಡ ತಪ್ಪೊಂದನ್ನು ಅಡಾಳೇ ಹಿಡಿದಳೆಂದು ಆತನ ಆತ್ಮಕಥೆಯೇ ಒಪ್ಪುತ್ತದೆ. ಅವಳ ನಿಜವಾದ ಹಿರಿಮೆ ಮೊದಲನೆಯ ಟಿಪ್ಪಣಿಯಲ್ಲಿದೆ. ಬ್ಯಾಬೇಜನ ಕಣ್ಣಿಗೆ ಯಂತ್ರ ಮುಖ್ಯವಾಗಿ ಸಂಖ್ಯೆಯ ದಾಸ. ಅಡಾಳಿಗೆ ಹೊಳೆದದ್ದು ಬೇರೆ: ವಸ್ತುಗಳ ಪರಸ್ಪರ ಸಂಬಂಧವನ್ನು ಸಂಕೇತಗಳಲ್ಲಿ ಹೇಳಬಹುದಾದರೆ, ಆ ವಸ್ತು ಸಂಖ್ಯೆಯೇ ಆಗಬೇಕಿಲ್ಲ. ಸ್ವರಗಳ ಸಂಬಂಧವನ್ನು ಹಾಗೆ ಹೇಳಲು ಸಾಧ್ಯವಾದರೆ ಯಂತ್ರ ಸಂಗೀತವನ್ನೂ ರಚಿಸೀತು ಎಂದಳು. ಇಂದು ನಮ್ಮ ಕನ್ನಡ ಅಕ್ಷರಗಳು ಯಂತ್ರದೊಳಗೆ ಸಂಕೇತಗಳಾಗಿ ಹರಿದು ಹಾಳೆಯ ಮೇಲೆ ಮೂಡುವುದು ಈ ನಿಯಮದಿಂದಲೇ.

ಆಮೇಲಿನ ಬದುಕು ಸುಖದ್ದಲ್ಲ. ಕುದುರೆಜೂಜು, ಸಾಲ, ಕ್ಯಾನ್ಸರ್. 1852ರ ನವೆಂಬರ್ 27ರಂದು, ತಂದೆ ಸತ್ತ ವಯಸ್ಸಿನಲ್ಲಿಯೇ, ಮೂವತ್ತಾರಕ್ಕೆ, ತೀರಿಕೊಂಡಳು. ತಾನೇ ಕೇಳಿಕೊಂಡಂತೆ ಹಕ್‌ನಾಲಿನ ಚರ್ಚಿನಲ್ಲಿ ತಂದೆಯ ಪಕ್ಕದಲ್ಲಿ ಮಣ್ಣಾದಳು. ಅನಲಿಟಿಕಲ್ ಎಂಜಿನ್ ಬ್ಯಾಬೇಜನ ಕಾಲದಲ್ಲಿ ಪೂರ್ತಿಯಾಗಲೇ ಇಲ್ಲ. ಆತನ ಎರಡನೆಯ ಡಿಫರೆನ್ಸ್ ಎಂಜಿನ್ನನ್ನು ಮಾತ್ರ ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಕಟ್ಟಿ ನಡೆಸಿತು.

ಯಂತ್ರ ತಾನಾಗಿ ಏನನ್ನೂ ಹೊಸದಾಗಿ ಹುಟ್ಟಿಸಲಾರದು, ನಾವು ಅಪ್ಪಣೆ ಕೊಡಬಲ್ಲುದನ್ನಷ್ಟೇ ಮಾಡೀತು ಎಂದೂ ಅಡಾ ಬರೆದಿದ್ದಳು. 1950ರಲ್ಲಿ ಅಲನ್ ಟ್ಯೂರಿಂಗ್, ಯಂತ್ರ ಯೋಚಿಸಬಲ್ಲುದೇ ಎಂದು ಚರ್ಚಿಸಿದ ತನ್ನ ಪ್ರಬಂಧದಲ್ಲಿ, ಇದನ್ನು ಲೇಡಿ ಲವ್‌ಲೇಸಳ ಆಕ್ಷೇಪವೆಂದೇ ಕರೆದು, ಯಂತ್ರಗಳು ತನ್ನನ್ನು ಪದೇ ಪದೇ ಬೆರಗುಗೊಳಿಸುತ್ತವೆಂದು ಉತ್ತರ ಹೇಳಿದ. ಅಡಿಟಿಪ್ಪಣಿಯೊಂದು ಹೀಗೆ ಪೂರ್ವಪಕ್ಷವಾಯಿತು. ಸಿದ್ಧಾಂತ ಇನ್ನೂ ಸ್ಥಾಪಿತವಾಗಿಲ್ಲ.