ಜಗಳವಾಡದ ಮೀನೂ ಜೊತೆಗಾರನಲ್ಲ

ಮನೆಯಲ್ಲಿ ಉಪ್ಪುನೀರಿನ ದೊಡ್ಡ ತೊಟ್ಟಿ ಕಟ್ಟಿ, ಹವಳ ಬೆಳೆಸಿ, ಬಣ್ಣದ ಮೀನು ಬಿಡಬೇಕೆನ್ನುವವರು ಮೊದಲು ಕೇಳುವ ಪ್ರಶ್ನೆ: ಯಾವ ಮೀನು ಸಾಧು, ಯಾವುದು ಜಗಳಗಂಟಿ? ಮಾರುವವರ ಬಳಿಯಿರುವ ಪಟ್ಟಿಗಳೂ ಮೀನುಗಳನ್ನು ಹೀಗೆಯೇ ವಿಂಗಡಿಸುತ್ತವೆ. ಸಾಧು ಮೀನುಗಳನ್ನಷ್ಟೇ ಆರಿಸಿಕೊಂಡರೆ ತೊಟ್ಟಿ ನೆಮ್ಮದಿಯಾಗಿರುತ್ತದೆ ಎನ್ನುವುದು ಎಲ್ಲರ ನಂಬಿಕೆ. ಆದರೆ ಹೊಂದಾಣಿಕೆ ಎನ್ನುವುದು ಮೀನಿನ ಸ್ವಭಾವದಲ್ಲಿ ಇರುವ ಗುಣವಲ್ಲ. ಎರಡು ಮೀನುಗಳು ಒಂದೇ ಆಹಾರಕ್ಕೆ, ಒಂದೇ ಪೊಟರೆಗೆ, ಒಂದೇ ಸಂಗಾತಿಗೆ ಎಷ್ಟರ ಮಟ್ಟಿಗೆ ಕೈ ಚಾಚುತ್ತವೆ ಎನ್ನುವುದೇ ಹೊಂದಾಣಿಕೆಯ ಲೆಕ್ಕ. ಕಚ್ಚಾಟ ಆ ಲೆಕ್ಕ ತಪ್ಪಿದ್ದರ ಒಂದು ಲಕ್ಷಣ ಮಾತ್ರ. ಕಚ್ಚಾಟವೇ ಇಲ್ಲದೆಯೂ ಲೆಕ್ಕ ತಪ್ಪಬಹುದು.

ಮ್ಯಾಂಡರಿನ್ ಮೀನನ್ನೇ ನೋಡಿ. ನೀಲಿ ಮೈಮೇಲೆ ಕಿತ್ತಳೆ ಗೆರೆಗಳು ಸುತ್ತಿಕೊಂಡ, ಬೆರಳುದ್ದದ ಮೀನು. ಯಾರ ತಂಟೆಗೂ ಹೋಗದು. ಹಗಲಿಡೀ ಬಂಡೆಯ ಮೇಲೆ ತೆವಳುವಂತೆ ಸಾಗುತ್ತ, ಒಂದು ಕ್ಷಣ ನಿಂತು ದಿಟ್ಟಿಸಿ, ಮೂತಿ ಮುಂದಕ್ಕೆ ಚಾಚಿ, ಕಣ್ಣಿಗೆ ಕಾಣಿಸುವುದೇ ಕಷ್ಟ ಎನ್ನುವಷ್ಟು ಚಿಕ್ಕ ಕೋಪಿಪಾಡ್ ಜೀವಿಯನ್ನು ಹೀರಿಕೊಂಡು ಮುಂದೆ ಹೋಗುತ್ತದೆ. ಒಣ ಆಹಾರ ಎದುರಿಗೇ ತೇಲಿದರೂ ಸಾಮಾನ್ಯವಾಗಿ ಮೂಸುವುದಿಲ್ಲ. ಅದೇ ತೊಟ್ಟಿಗೆ ಅದೇ ಜೀವಿಗಳನ್ನು ಅದಕ್ಕಿಂತ ಚುರುಕಾಗಿ ಹೆಕ್ಕುವ ಆರು ಪಟ್ಟೆಯ ವ್ರಾಸ್ ಮೀನು ಬಂದರೆ ಏನಾಗುತ್ತದೆ? ವ್ರಾಸ್ ಮ್ಯಾಂಡರಿನ್ನನ್ನು ಮುಟ್ಟದೇ ಇರಬಹುದು. ಆದರೂ ವಾರಗಳು ಕಳೆದಂತೆ ಮ್ಯಾಂಡರಿನ್ನಿನ ಹೊಟ್ಟೆ ಒಳಸರಿಯುತ್ತದೆ, ಬೆನ್ನಿನ ಅಂಚು ಎದ್ದು ಕಾಣುತ್ತದೆ, ಒಂದು ಬೆಳಗ್ಗೆ ಸತ್ತಿರುತ್ತದೆ. ಮೈಮೇಲೆ ಒಂದು ಗಾಯವೂ ಇರದ ಕಾರಣ ಯಜಮಾನ ರೋಗವೆಂದುಕೊಳ್ಳುತ್ತಾನೆ. ಅದು ಸತ್ತಿದ್ದು ಪಕ್ಕದವನಿಂದ.

ಕಣ್ಣಿಗೆ ಕಾಣುವ ಜಗಳಗಳೂ ಇದೇ ಲೆಕ್ಕಕ್ಕೆ ಬರುತ್ತವೆ. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದ ಕಾನ್ರಾಡ್ ಲೊರೆನ್ಜ್, ಅದಕ್ಕೂ ಹತ್ತು ವರ್ಷ ಮೊದಲೇ ಆಕ್ರಮಣಶೀಲತೆಯ ಬಗ್ಗೆ ಬರೆದ ಪುಸ್ತಕವನ್ನು ಹವಳದ ಮೀನುಗಳಿಂದಲೇ ಆರಂಭಿಸಿದ್ದರು. ಗಾಢ ಬಣ್ಣದ ಮೀನುಗಳು ಅನ್ಯರಿಗಿಂತ ಹೆಚ್ಚಾಗಿ ತಮ್ಮದೇ ಜಾತಿಯವರ ಮೇಲೆ ಬೀಳುತ್ತವೆ ಎಂಬುದು ಅವರ ಗಮನಕ್ಕೆ ಬಂದಿತ್ತು. ಬಣ್ಣವಿರುವುದೇ ಹಕ್ಕಿನ ಜಾಗ ಸಾರುವುದಕ್ಕೆ ಎಂಬ ಅವರ ವಿವರಣೆ ಎಲ್ಲ ಮೀನುಗಳಿಗೂ ಒಪ್ಪಲಿಲ್ಲ. ಆದರೆ ತನ್ನಂತೆಯೇ ಬದುಕುವವನೇ ದೊಡ್ಡ ಎದುರಾಳಿ ಎನ್ನುವ ಮೂಲ ಮಾತು ತೊಟ್ಟಿ ಸಾಕಿದವರಿಗೆಲ್ಲ ಗೊತ್ತಿರುವಂಥದ್ದು. ಬಾಲದ ಬುಡದಲ್ಲಿ ಶಸ್ತ್ರವೈದ್ಯರ ಚಾಕುವಿನಂಥ ಮುಳ್ಳಿರುವ ಸರ್ಜನ್ ಮೀನು ಕ್ಲೌನ್ ಮೀನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದು. ತನ್ನದೇ ಆಕಾರದ ಇನ್ನೊಂದು ಸರ್ಜನ್ ಮೀನು ಕಂಡರೆ ಮಾತ್ರ ಆ ಮುಳ್ಳು ಹೊರಬರುತ್ತದೆ. ಕ್ಲೌನ್ ಮೀನಿನ ಸಂಸಾರದಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಮಿಕ್ಕವು ಇನ್ನೂ ಬಲಿಯದವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಸಂಶೋಧಕರಾದ ಹಾನ್ಸ್ ಮತ್ತು ಸಿಮೋನ್ ಫ್ರಿಕೆ ಇದನ್ನು 1977ರಲ್ಲೇ ವರದಿ ಮಾಡಿದ್ದರು. ಹೀಗಾಗಿ ಗಾತ್ರದಲ್ಲಿ ಹೆಚ್ಚುಕಡಿಮೆಯಿರುವ ಎರಡು ಎಳೆಯ ಮೀನುಗಳನ್ನು ತಂದರೆ ಅವು ತಾವೇ ಜೋಡಿಯಾಗುತ್ತವೆ. ಬಲಿತ ಎರಡು ಹೆಣ್ಣುಗಳನ್ನು ತಂದರೆ ಒಂದು ಉಳಿಯುವುದು ಕಷ್ಟ. ಜಾತಿ ಒಂದೇ, ಸ್ವಭಾವ ಒಂದೇ. ಬದಲಾದದ್ದು ಸ್ಥಾನದ ಲೆಕ್ಕ.

ಇದಕ್ಕೆ ನ್ಯಾಯವಾದ ಆಕ್ಷೇಪವೊಂದಿದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದರೆ, ಒಂದನ್ನೊಂದು ಹೋಲುವ ಹಲವು ಜಾತಿಯ ಮೀನುಗಳು ಒಂದೇ ಬಂಡೆಯ ಮಗ್ಗುಲಲ್ಲಿ ಬದುಕುವುದು ಕಾಣುತ್ತದೆ. ಸಮುದ್ರದಲ್ಲಿ ಆಗುವುದು ತೊಟ್ಟಿಯಲ್ಲಿ ಏಕೆ ಆಗಬಾರದು? ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಡ್ಯಾಮ್ಸೆಲ್ ಮೀನುಗಳ ಬೆನ್ನುಹತ್ತಿದ ಪೀಟರ್ ಸೇಲ್ 1970ರ ದಶಕದಲ್ಲಿ ಕೊಟ್ಟ ಉತ್ತರ ಇಲ್ಲಿ ನೆರವಿಗೆ ಬರುತ್ತದೆ. ಒಂದು ಜಾಗ ತೆರವಾದಾಗ ಅದು ಯಾರಿಗೆ ಸಿಗುತ್ತದೆ ಎನ್ನುವುದು ಬಹುಮಟ್ಟಿಗೆ ಲಾಟರಿ. ತೆರೆ ಹೊತ್ತು ತಂದ ಯಾವ ಮರಿ ಮೊದಲು ತಲುಪಿತೋ ಜಾಗ ಅದರದ್ದು. ಸೋತ ಜಾತಿಯ ಮರಿಗಳು ಇನ್ನೊಂದು ಬಂಡೆಗೆ ಹೋಗುತ್ತವೆ, ಮುಂದಿನ ವರ್ಷ ಮತ್ತೆ ಬರುತ್ತವೆ. ಹೊಸ ಮರಿಗಳ ಆ ಹರಿವು, ಸೋತವನಿಗೆ ಓಡಿಹೋಗುವ ಆ ದಾರಿ, ಇವೆರಡೂ ತೊಟ್ಟಿಯಲ್ಲಿಲ್ಲ. ಗಾಜಿನ ಗೋಡೆ ಸೋಲನ್ನು ಶಾಶ್ವತ ಮಾಡುತ್ತದೆ.

ಹೊಂದಾಣಿಕೆ ಹೇಗಿರುತ್ತದೆಂದು ತಿಳಿಯಲು ಕನ್ನಡಿಗರು ಕಡಲಿಗೇ ಹೋಗಬೇಕೆಂದಿಲ್ಲ. ಭಾಗಮಂಡಲದಲ್ಲಿ ಕನ್ನಿಕೆ ಕಾವೇರಿಯನ್ನು ಸೇರುವ ಮಲೆಯ ಸೀಮೆಯ ತೊರೆಗಳು ಸಾಕು. ಪಶ್ಚಿಮ ಘಟ್ಟದ ಇಂಥ ಹರಿವಿನಲ್ಲಿ ಡೇನಿಯೋ ಮೀನುಗಳು ಮೇಲ್ಮೈಗೆ ಬಿದ್ದ ಹುಳು ಹಿಡಿಯುತ್ತವೆ, ಬಾರ್ಬ್‌ಗಳು ನಡುನೀರಲ್ಲಿ ಗುಂಪು ಕಟ್ಟುತ್ತವೆ, ಗಾರಾ ಮೀನು ತಲೆಯಡಿಯ ಬಾಯಿಂದ ಕಲ್ಲಿನ ಪಾಚಿ ಕೆರೆಯುತ್ತದೆ. ನೀರಿನ ಸೆಳೆತ ಅತಿ ಜೋರಾಗಿರುವ ಕಲ್ಲಿಗೆ ಭವಾನಿಯಾ ಮೀನು ಅಂಟಿಕೊಂಡಿರುತ್ತದೆ. ಅದರ ಹೊಟ್ಟೆ ಚಪ್ಪಟೆ, ರೆಕ್ಕೆಗಳು ಎರಡೂ ಬದಿಗೆ ಅಗಲವಾಗಿ ಹರಡಿರುತ್ತವೆ, ಅಡಿಯಿಂದ ನೀರು ನುಗ್ಗಲು ಎಡೆಯೇ ಇಲ್ಲ. ಇವು ಒಂದನ್ನೊಂದು ಸಹಿಸಿಕೊಂಡು ಬಾಳುತ್ತಿವೆ ಎನ್ನುವುದು ಸರಿಯಲ್ಲ. ಒಂದರ ಉಣಿಸು ಬಹುಮಟ್ಟಿಗೆ ಇನ್ನೊಂದರ ಬಾಯಿಗೆ ಎಟುಕುವುದಿಲ್ಲ.

ಇದೇ ಕಾವೇರಿಗೆ ಹೊರಗಿನಿಂದ ಜೊತೆಗಾರನನ್ನು ಆರಿಸಿ ತಂದಾಗ ಆದದ್ದನ್ನು ಅಕ್ವೇರಿಯಂ ಕಟ್ಟುವ ಪ್ರತಿಯೊಬ್ಬರೂ ಓದಬೇಕು. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಜಗತ್ತಿನ ದೊಡ್ಡ ಸಿಹಿನೀರ ಮೀನುಗಳಲ್ಲೊಂದು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಳಕಳಿಯಿಂದಲೇ ಲೋಣಾವಳದ ಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಅದು ಕೃಷ್ಣಾ ಸೀಮೆಯ ಮೀನು. ಎರಡೂ ಒಂದೇ ಕುಲದವು, ಎರಡೂ ಸಾಧು, ಜೊತೆಗಿಟ್ಟರೆ ಕಚ್ಚಾಡುವುದಿಲ್ಲ. ಯಾವ ಪಟ್ಟಿಯೂ ಇದಕ್ಕೆ ಬೇಡವೆನ್ನುತ್ತಿರಲಿಲ್ಲ. ಸಂಶೋಧಕ ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಕಾವೇರಿ ದಂಡೆಯ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಮತ್ತೆ ನೀರಿಗೆ ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ದಾಖಲೆ ತೆಗೆದು ನೋಡಿದಾಗ, ಸಿಗುವ ಮೀನುಗಳ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯದು, ಗೂನುಬೆನ್ನಿನದು ಅಪರೂಪವಾಗುತ್ತ ಹೋಗಿತ್ತು. ಸಂಖ್ಯೆಯೊಂದನ್ನೇ ನೋಡಿದವರಿಗೆ ನದಿ ಸಮೃದ್ಧವಾಗಿ ಕಂಡಿರಬೇಕು. ಗೂನುಬೆನ್ನಿನ ಮೀನಿಗೆ ಟೋರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲುತ್ತದೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆ ಇವೆಲ್ಲವೂ ಕಾರಣವಲ್ಲವೇ ಎಂದರೆ ಹೌದು, ನೀಲಿ ರೆಕ್ಕೆಯೊಂದರ ಮೇಲೇ ದೋಷ ಹೊರಿಸುವುದು ತಪ್ಪು. ಆದರೆ ಅದೇ ಅಣೆಕಟ್ಟು, ಅದೇ ಸಿಡಿಮದ್ದಿನ ನಡುವೆ ಒಂದು ಹೆಚ್ಚಿ ಇನ್ನೊಂದು ಕುಗ್ಗಿದೆ. ಕಷ್ಟದಲ್ಲಿದ್ದ ಮೀನಿನ ಪಕ್ಕಕ್ಕೆ, ಅದು ಉಣ್ಣುವುದನ್ನೇ ಉಣ್ಣುವ ಬಂಧುವನ್ನು ಸಾವಿರಗಟ್ಟಲೆ ತಂದು ಬಿಟ್ಟದ್ದು ಅದರ ಹೊರೆಯನ್ನು ಹಗುರ ಮಾಡಿರಲಾರದು.

ತೊಟ್ಟಿ ದೊಡ್ಡದಾದರೆ ಸಮಸ್ಯೆ ತೀರುತ್ತದೆ ಎನ್ನುವವರಿದ್ದಾರೆ. ಸಾವಿರ ಲೀಟರ್ ಕೇಳಲು ದೊಡ್ಡದು. ಅಳೆದರೆ ಒಂದು ಘನ ಮೀಟರ್. ಮೂವತ್ತು ಸೆಂಟಿಮೀಟರ್ ಬೆಳೆಯುವ ನೀಲಿ ಟ್ಯಾಂಗ್ ಎಂಬ ಸರ್ಜನ್ ಮೀನಿಗೆ ಅದು ನಾಲ್ಕು ಬಾಲದ ಬೀಸು. ಎಲ್ಲವನ್ನೂ ಕಿಕ್ಕಿರಿಸಿದರೆ ಒಬ್ಬನ ಮೇಲೆ ಬೀಳುವ ಏಟು ಹತ್ತು ಮಂದಿಗೆ ಹಂಚಿಹೋಗುತ್ತದೆ ಎಂಬ ವಾದವೂ ಇದೆ. ಆಫ್ರಿಕಾದ ಸಿಕ್ಲಿಡ್ ಸಾಕುವವರಿಗೆ ಅದು ಒಂದು ಮಟ್ಟಿಗೆ ಫಲಿಸಿದೆ. ಹವಳದ ತೊಟ್ಟಿಯಲ್ಲಿ ಮಾತ್ರ ಹೆಚ್ಚು ಮೀನೆಂದರೆ ಹೆಚ್ಚು ಕಲ್ಮಷ, ಹೆಚ್ಚು ನೈಟ್ರೇಟ್. ಮೊದಲು ಬಣ್ಣಗೆಡುವುದು ಹವಳ. ಭಾಗಮಂಡಲದಂಥ ಊರಿಗೆ ಇನ್ನೊಂದು ತೊಡಕಿದೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, ಉಪ್ಪುನೀರು 6.8ರ ಆಸುಪಾಸು ಮಾತ್ರ. ಆಟಿ ಮಳೆಯಲ್ಲಿ ಮರ ಬಿದ್ದು ತಂತಿ ಹರಿದು ಪಂಪು ನಿಂತಿತೆಂದರೆ, ಆ ಅಲ್ಪ ಉಸಿರನ್ನು ಎಷ್ಟು ಬಾಯಿ ಹಂಚಿಕೊಳ್ಳುತ್ತಿವೆ ಎನ್ನುವುದರ ಮೇಲೆ ಬೆಳಗಿನ ಲೆಕ್ಕ ನಿಲ್ಲುತ್ತದೆ. ಮಲೆನಾಡಿನ ತೊಟ್ಟಿ ಬಯಲುಸೀಮೆಯ ತೊಟ್ಟಿಗಿಂತ ತೆರಪಾಗಿಯೇ ಇರಬೇಕು.

ಸಾವಿರ ಲೀಟರಿಗೆ ನಾನು ಒಪ್ಪುವ ಸಂಸಾರ ಚಿಕ್ಕದು: ತೊಟ್ಟಿಯಲ್ಲೇ ಹುಟ್ಟಿದ ಕ್ಲೌನ್ ಮೀನುಗಳ ಒಂದು ಜೋಡಿ, ಮರಳು ಜಾಲಿಸುವ ಒಂದು ಗೋಬಿ, ನಡುನೀರಿಗೆ ಕಾರ್ಡಿನಲ್ ಮೀನುಗಳ ಪುಟ್ಟ ಗುಂಪು, ಪಾಚಿ ಮೇಯಲು ಒಂದೇ ಒಂದು ಸರ್ಜನ್ ಮೀನು. ಚಿಟ್ಟೆಮೀನುಗಳು ಎಷ್ಟೇ ಸಾಧುವಾದರೂ ಹಲವು ಜಾತಿಗಳಿಗೆ ಹವಳವೇ ಊಟವಾದ್ದರಿಂದ ಅವು ಬೇಡ. ಮ್ಯಾಂಡರಿನ್ ಬೇಕೇಬೇಕೆಂದರೆ ವ್ರಾಸ್ ಬಿಟ್ಟು, ಬಂಡೆಗಳಲ್ಲಿ ಕೋಪಿಪಾಡ್ ತುಂಬಿಕೊಳ್ಳುವವರೆಗೆ ಒಂದು ವರ್ಷವಾದರೂ ಕಾಯಬೇಕು. ಮೊದಲು ಬಂದವನು ಜಾಗದ ಒಡೆಯನಾಗುವುದರಿಂದ ಬಿಡುವ ಸರದಿಯೂ ಮುಖ್ಯ: ಅಂಜುಬುರುಕ ಗೋಬಿ, ಕಾರ್ಡಿನಲ್‌ಗಳು ಮೊದಲು, ಆಮೇಲೆ ಕ್ಲೌನ್, ಸರ್ಜನ್ ಕಟ್ಟಕಡೆಗೆ. ಪ್ರತಿಯೊಂದನ್ನೂ ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗವಿಲ್ಲವೆಂದು ಕಂಡ ಮೇಲೇ ಬಿಡಬೇಕು. ಹೊಸಬನನ್ನು ಅಟ್ಟಾಡಿಸುವುದು ನಿಲ್ಲದಿದ್ದರೆ ಕಲ್ಲುಗಳ ಜೋಡಣೆ ಬದಲಿಸಿ. ಹಳೆಯ ಗಡಿಗಳು ಅಳಿಸಿ ಎಲ್ಲರೂ ಹೊಸಬರಾಗುತ್ತಾರೆ. ಅದಕ್ಕೂ ಬಗ್ಗದಿದ್ದರೆ ತೊಟ್ಟಿಯಿಂದ ತೆಗೆಯಬೇಕಾದದ್ದು ಏಟು ತಿನ್ನುವ ಮೀನನ್ನಲ್ಲ, ಏಟು ಕೊಡುವುದನ್ನು. ಏಟು ತಿನ್ನುವುದನ್ನು ತೆಗೆದರೆ ಮರುದಿನ ಆ ಸ್ಥಾನಕ್ಕೆ ಇನ್ನೊಂದು ಬರುತ್ತದೆ.