ಮಾತಾಡದ ಸೀಲ್ ಮರಿ

ಜಪಾನಿನ ಎಂಜಿನಿಯರ್ ತಕನೊರಿ ಶಿಬಾಟಾ 1990ರ ದಶಕದಲ್ಲಿ ಒಡನಾಟಕ್ಕೆಂದೇ ಯಂತ್ರಪ್ರಾಣಿ ಮಾಡಲು ಹೊರಟಾಗ ಮೊದಲು ಪ್ರಯತ್ನಿಸಿದ್ದು ಬೆಕ್ಕನ್ನು. ಅದು ಕೈಗೂಡಲಿಲ್ಲ. ಬೆಕ್ಕಿನ ಒಡನಾಟ ಎಲ್ಲರಿಗೂ ಇದ್ದದ್ದೇ, ಹಾಗಾಗಿ ಮುಟ್ಟಿದ ಕೂಡಲೇ ಕೊರತೆಗಳು ಕಂಡುಬಿಟ್ಟವು. ಕೊನೆಗೆ ಅವರು ಆರಿಸಿಕೊಂಡದ್ದು ಹಿಮಪ್ರದೇಶದ ಹಾರ್ಪ್ ಸೀಲ್ ಮರಿಯ ರೂಪ. ಅಸಲಿಯನ್ನು ಎತ್ತಿ ಆಡಿಸಿದವರೇ ಇಲ್ಲದಿರುವಾಗ ಹೋಲಿಸುವವರಾರು? ಹೀಗೆ ಹುಟ್ಟಿದ ‘ಪಾರೋ’ 2005ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. 2009ರಲ್ಲಿ ಅಮೆರಿಕ ಅದನ್ನು ವೈದ್ಯಕೀಯ ಸಾಧನವೆಂದು ಒಪ್ಪಿತು. ತೂಕ ಸುಮಾರು 2.7 ಕಿಲೋ, ಮೈತುಂಬ ಬಿಳಿ ತುಪ್ಪಳ. ತಡವಿದರೆ ಕಣ್ಣು ಪಿಳುಕಿಸುತ್ತದೆ, ಕರೆದರೆ ತಲೆ ಹೊರಳಿಸುತ್ತದೆ. ಚಾರ್ಜ್ ಮಾಡಲು ಬಾಯಿಗೆ ನಿಪ್ಪಲ್‌ನಂಥ ಚಾರ್ಜರ್ ಇಡಬೇಕು. ಮಾತು ಮಾತ್ರ ಬಾರದು.

ಇಂಥ ಯಂತ್ರಗಳಿಂದ ಸಿಗುವ ಸುಖ ನಿಂತಿರುವುದೇ ಆತ್ಮವಂಚನೆಯ ಮೇಲೆ ಎಂದು ತತ್ವಶಾಸ್ತ್ರಜ್ಞ ರಾಬರ್ಟ್ ಸ್ಪ್ಯಾರೋ 2002ರಲ್ಲೇ ಆಕ್ಷೇಪಿಸಿದ್ದರು. ಆಕ್ಷೇಪ ಗಟ್ಟಿಯಾದದ್ದೇ, ಆದರೆ ಪೆಟ್ಟು ಬೀಳಬೇಕಾದಲ್ಲಿ ಬಿದ್ದಿಲ್ಲ. ಯಂತ್ರವೆಂದು ಚೆನ್ನಾಗಿ ತಿಳಿದೇ ಅದನ್ನು ಮುದ್ದಿಸುವ ಹಿರಿಯರಿದ್ದಾರೆ. ಡಿಮೆನ್ಷಿಯಾ ಇರುವವರು ‘ಇದಕ್ಕೆ ಜೀವ ಇದೆಯಾ?’ ಎಂದು ಕೇಳಿದರೆ ನಿಜ ಹೇಳುವ ಹೊಣೆ ಪಕ್ಕದಲ್ಲಿರುವವರದು. ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂಬುದೇ ನನ್ನ ಪ್ರಶ್ನೆ. ನ್ಯೂಜಿಲೆಂಡಿನ ಒಂದು ಆರೈಕೆ ಕೇಂದ್ರದಲ್ಲಿ 40 ಮಂದಿಯೊಡನೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾರೋ ಸುತ್ತ ಗುಂಪಾಗಿ ಕೂತವರ ಒಂಟಿತನ ತಗ್ಗಿತು. ಕೇಂದ್ರದ ನಾಯಿಯ ಬಗ್ಗೆ ಮಾತಾಡಿದವರಿಗಿಂತ ಪಾರೋ ಬಗ್ಗೆ ಮಾತಾಡಿದವರೇ ಹೆಚ್ಚು. ಆಸ್ಟ್ರೇಲಿಯಾದ 28 ಕೇಂದ್ರಗಳಲ್ಲಿ ಡಿಮೆನ್ಷಿಯಾ ಇರುವ 415 ಮಂದಿಯ ಅಧ್ಯಯನ ಬೇರೆ ಬಗೆಯದು. ಅಲ್ಲಿ ಪಾರೋ ಕೊಟ್ಟದ್ದು ಒಬ್ಬೊಬ್ಬರಿಗೇ: ಕೆಲವರಿಗೆ ಚಾಲೂ ಇದ್ದದ್ದು, ಕೆಲವರಿಗೆ ಬಂದ್ ಮಾಡಿದ್ದು. ಚಾಲೂ ಇದ್ದದ್ದರ ಕಡೆ ಗಮನ ಹೆಚ್ಚು ಹರಿಯಿತು, ನಿಜ. ಆದರೆ ತಳಮಳ ತಗ್ಗಿಸುವುದರಲ್ಲಿ ಅದು ಬರೀ ಬೊಂಬೆಯನ್ನು ಮೀರಿಸಲಿಲ್ಲ. ಎರಡೂ ಅಧ್ಯಯನಗಳು ಅಳೆದದ್ದು ಬೇರೆ ಬೇರೆ, ತಕ್ಕಡಿಗೆ ಹಾಕಿ ತೂಗುವಂತಿಲ್ಲ. ಆದರೂ ಈ ಯಂತ್ರದ ದೊಡ್ಡ ಗುಣ ಮನುಷ್ಯರನ್ನು ಒಂದೆಡೆ ಕೂರಿಸುವುದು ಎಂಬ ನನ್ನ ನಂಬಿಕೆಗೆ ಇಲ್ಲಿ ಆಧಾರವಿದೆ.

ಮಾತಾಡುವ ಆ್ಯಪ್‌ಗಳ ದಾರಿ ಇದಕ್ಕೆ ತದ್ವಿರುದ್ಧ. 2017ರಲ್ಲಿ ಬಂದ ‘ರೆಪ್ಲಿಕಾ’ ಒಬ್ಬರ ಫೋನಿನಲ್ಲಿ ಒಬ್ಬರಿಗಾಗಿಯೇ ಇರುವ ಗೆಳೆಯ. ಮೂರನೆಯವರಿಗೆ ಅಲ್ಲಿ ಜಾಗವೇ ಇಲ್ಲ. 2023ರ ಫೆಬ್ರುವರಿಯಲ್ಲಿ ಕಂಪನಿ ಅದರ ಪ್ರಣಯದ ಮಾತುಕತೆಗೆ ಕಡಿವಾಣ ಹಾಕಿದಾಗ, ಆಪ್ತರನ್ನೇ ಕಳೆದುಕೊಂಡಂತೆ ಬಳಕೆದಾರರು ದುಃಖಿಸಿದರು. ಆ ದುಃಖ ಸುಳ್ಳಲ್ಲ. ಒಬ್ಬರ ಆಪ್ತತೆಯ ಜುಟ್ಟು ಕಂಪನಿಯ ಕೈಯಲ್ಲಿರುವುದು ಅನ್ಯಾಯ.

ನಡುರಾತ್ರಿ ಯಾರೂ ಇಲ್ಲದವರಿಗೆ ಯಂತ್ರವಾದರೂ ಇರಲಿ ಎನ್ನುವವರಿಗೆ ನಾನು ಎದುರಾಡಲಾರೆ. ಆ ಹೊತ್ತಿಗೆ ಸಿಗುವ ಸಮಾಧಾನವನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ‘ಯಾರೂ ಇಲ್ಲ’ ಎಂಬ ಸ್ಥಿತಿ ಬಹಳ ಸಲ ತಾನಾಗಿ ಬಂದದ್ದಲ್ಲ. ರಾತ್ರಿ ಪಾಳಿಗೆ ಎಷ್ಟು ಜನರಿರಬೇಕು, ಅವರಿಗೆ ಎಷ್ಟು ಸಂಬಳ ಎಂದು ತೀರ್ಮಾನಿಸಿದವರಿದ್ದಾರೆ. ಅದಕ್ಕೇ ಆರೈಕೆ ಕೇಂದ್ರ ಇಂಥ ಯಂತ್ರ ಕೊಳ್ಳುವಾಗ ಒಂದು ಲೆಕ್ಕವನ್ನು ಮನೆಯವರ ಮುಂದಿಡಬೇಕು: ಸಿಬ್ಬಂದಿ ಪ್ರತಿಯೊಬ್ಬರ ಬಳಿ ಕೂರುತ್ತಿದ್ದ ಸಮಯ ಯಂತ್ರ ಬರುವ ಮುಂಚೆ ಎಷ್ಟಿತ್ತು, ಬಂದ ಆರು ತಿಂಗಳಿಗೆ ಎಷ್ಟಾಗಿದೆ? ಕಡಿಮೆಯಾಗಿದ್ದರೆ ಯಂತ್ರ ವಾಪಸ್ ಹೋಗಬೇಕು, ಆ ಹಣ ಸಂಬಳಕ್ಕೆ ಸೇರಬೇಕು.